ಡಿಕ್ಕಿಯಲ್ಲಿ ಪೆಟ್ರೋಲ್ ಬೇಡ

ಊರಲ್ಲಿ ಬೈಕ್ ನಿಂತರೆ ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತರೋದು ಸಾಮಾನ್ಯ. ಬಂಕಿನಲ್ಲಿ ತುಂಬಿಸೋಕೆ ಹುಡುಗರಿರುತ್ತಾರೆ. ನ್ಯೂಜೆರ್ಸಿಯಲ್ಲೂ 1949ರ ಕಾನೂನಿನಂತೆ ಬಂಕಿನವರೇ ತುಂಬಿಸಬೇಕು. ಹೀಗಾಗಿ ಪೆಟ್ರೋಲನ್ನು ಕೈಯಾರೆ ನಿಭಾಯಿಸಿ ನಮಗೆ ರೂಢಿಯೇ ಇಲ್ಲ.

ಈಗ ಪೈನ್ ಬ್ಯಾರೆನ್ಸ್‌ನ ಮರಳು ದಾರಿಗೆ ಜೀಪ್ ಒಯ್ಯುವಾಗ ಹೆಚ್ಚುವರಿ ಕ್ಯಾನ್ ಇರಲೇಬೇಕು ಅನ್ನೋದು ಒಂದು ಶೋಕಿ. ನಮ್ಮ ಅಭಿಪ್ರಾಯದಲ್ಲಿ ಅದು ಬೇಡ. ಹ್ಯಾಮಂಟನ್‌ನಲ್ಲಿ ಟ್ಯಾಂಕ್ ತುಂಬಿಸಿಕೊಂಡರೆ ವಾರ್ಟನ್ ಕಾಡು ಸುತ್ತಿ ಬರಲು ಧಾರಾಳವಾಗಿ ಸಾಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮುಚ್ಚಿದ ಗಾಡಿಯಲ್ಲಿ ಕೆಳಗೇ ತುಂಬಿಕೊಳ್ಳುತ್ತದೆ, ಒಂದು ಕಿಡಿ ಸಾಕು.

ದೂರದ ದಾರಿಗೆ ಬೇಕೇ ಬೇಕೆಂದರೆ, ಪೆಟ್ರೋಲಿಗೆಂದೇ ಮಾಡಿದ 5 ಗ್ಯಾಲನ್ನಿನ (ಸುಮಾರು 19 ಲೀಟರ್) ಕೆಂಪು ಕ್ಯಾನ್ ತನ್ನಿ. ತುಂಬಿಸುವ ಮುಂಚೆ ಅದನ್ನು ನೆಲಕ್ಕಿಳಿಸಿ. ಗಾಡಿಯಲ್ಲೇ ಇಟ್ಟು ತುಂಬಿಸಿದರೆ ಸ್ಥಿರ ವಿದ್ಯುತ್ತಿನ ಕಿಡಿ ಹಾರಬಹುದು. ಬಿಸಿಲಿಗೆ ಹಿಗ್ಗಲು ಮೇಲೆ ಸ್ವಲ್ಪ ಜಾಗ ಬಿಡಿ. ಗಾಡಿಯ ಹೊರಗೆ, ಸೈಲೆನ್ಸರ್‌ನಿಂದ ದೂರ, ನೆಟ್ಟಗೆ ನಿಲ್ಲಿಸಿ ಬಿಗಿಯಾಗಿ ಕಟ್ಟಿ.

ಪೆಟ್ರೋಲ್ ಮುಗಿದರೆ ಎರಡು ಗಂಟೆ ಕಾಯಬೇಕಾದೀತು, ಅಷ್ಟೇ. ಸಂಘದ ಮುಂದಿನ ಪ್ರವಾಸಕ್ಕೆ ನಾವು ಕೇಳೋದು ಒಂದೇ ನಿಯಮ: ಒಳಗೆ ಕ್ಯಾನ್ ಇರುವ ಗಾಡಿ ಹೊರಡಬಾರದು.