ಕೂಸು ಕಕ್ಕಿದರೆ ದೃಷ್ಟಿ ತೆಗೆದರೆ ಸಾಕೇ?

ಮೂರು ವಾರದ ಗಂಡು ಕೂಸು. ಕುಡಿದ ಹಾಲನ್ನೆಲ್ಲ ಮಾರುದೂರ ಚಿಮ್ಮಿಸಿ ಕಕ್ಕುತ್ತದೆ. ಕಕ್ಕಿದ ಮರುಗಳಿಗೆ ಮತ್ತೆ ಹಾಲಿಗೆ ಬಾಯಿ ತೆರೆಯುತ್ತದೆ. ‘ಯಾರದೋ ಕಣ್ಣು ತಾಕಿದೆ’ ಅಂತ ಅಜ್ಜಿ ಉಪ್ಪು, ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕ್ತಾಳೆ. ಗ್ರೈಪ್ ವಾಟರ್ ಬಾಟಲಿ ಬರುತ್ತದೆ. ಬಾಣಂತಿ ಹೊಸಿಲು ದಾಟಬಾರದಲ್ಲ, ಆಸ್ಪತ್ರೆ ಮಾತು ಮುಂದಕ್ಕೆ ಹೋಗುತ್ತದೆ. ಅಷ್ಟರಲ್ಲಿ ಕೂಸಿನ ಕಣ್ಣು ಗುಳಿ ಬಿದ್ದಿರುತ್ತದೆ.

ಇದು ಕಣ್ಣು ತಾಕಿದ್ದಲ್ಲ ಸ್ವಾಮಿ, ದಾರಿ ಕಟ್ಟಿದ್ದು. ಜಠರದಿಂದ ಕರುಳಿಗೆ ಇಳಿಯುವ ಬಾಯಲ್ಲಿರುವ ಸ್ನಾಯು ಕೆಲವು ಕೂಸುಗಳಲ್ಲಿ ದಪ್ಪಗಾಗಿ ಹಾಲನ್ನು ಕೆಳಗೆ ಬಿಡುವುದಿಲ್ಲ. ಡಾಕ್ಟರುಗಳು ಪೈಲೋರಿಕ್ ಸ್ಟೆನೋಸಿಸ್ ಅನ್ನುತ್ತಾರೆ. ಹೆಣ್ಣಿಗಿಂತ ಗಂಡು ಕೂಸುಗಳಿಗೆ ನಾಲ್ಕು ಪಟ್ಟು ಹೆಚ್ಚು. ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಮೂರರಿಂದ ಎಂಟು ವಾರದೊಳಗೆ, ಅಂದರೆ ಸರಿಯಾಗಿ ಬಾಣಂತನದ ಹೊತ್ತಿಗೆ!

ದೊಡ್ಡ ದೊಡ್ಡ ಡಾಕ್ಟರುಗಳಿಗೇ ಇದು ಬಹಳ ಕಾಲ ತಲೆನೋವಾಗಿತ್ತು. ಕೋಪನ್‌ಹೇಗನ್ನಿನ ಹಿರ್ಷ್‌ಸ್ಪ್ರುಂಗ್ ಎಂಬ ಮಕ್ಕಳ ವೈದ್ಯರು 1887ರಲ್ಲಿ, ಸತ್ತ ಎರಡು ಕೂಸುಗಳ ಜಠರ ನೋಡಿ ರೋಗವನ್ನು ಸ್ಪಷ್ಟವಾಗಿ ವಿವರಿಸಿದರು. ಮದ್ದು ಮಾತ್ರ ಸಿಗಲಿಲ್ಲ. ಕಟ್ಟಿದ ಜಾಗ ಬಿಟ್ಟು ಜಠರವನ್ನು ಕರುಳಿಗೆ ನೇರವಾಗಿ ಜೋಡಿಸುವ ಆಪರೇಷನ್ ಮಾಡಿದರು. ಸಾಯುವ ಕೂಸುಗಳೇ ಬಹಳ. ಚಾಕು ಬೇಡವೆಂದವರು ಜಠರ ತೊಳೆದು, ಚಮಚ ಚಮಚ ಹಾಲು ಹಾಕಿ ಕಾಯ್ದರು. ಪ್ಯಾರಿಸಿನ ಫ್ರೆಡೆ 1907ರಲ್ಲಿ ಸ್ನಾಯುವನ್ನು ಉದ್ದಕ್ಕೆ ಸೀಳಿ ಅಡ್ಡಕ್ಕೆ ಹೊಲಿದರು.

1911ರಲ್ಲಿ ಜರ್ಮನಿಯ ಮ್ಯೂನ್‌ಸ್ಟರಿನ ರಾಮ್‌ಸ್ಟೆಟ್ ಹಾಗೇ ಹೊಲಿಯಲು ಹೋದರು. ಬಿರುಸಾದ ಸ್ನಾಯುವಿನಲ್ಲಿ ಹೊಲಿಗೆ ನಿಲ್ಲದೆ ಕಿತ್ತುಬಂತು. ಸೀಳಿದ್ದನ್ನು ಹಾಗೇ ಬಿಟ್ಟರು, ಕೂಸು ಬದುಕಿತು! ಮರುವರ್ಷ ಎರಡನೇ ಕೂಸಿಗೆ ಹೊಲಿಗೆಯ ಗೋಜಿಗೇ ಹೋಗಲಿಲ್ಲ. ಹೊಲಿಗೆ ಕಿತ್ತಿದ್ದೇ ಪುಣ್ಯ ಅನ್ನಬೇಕು. ಇವತ್ತಿಗೂ ಆಪರೇಷನ್ ಅದೇ. ಒಳಪದರಕ್ಕೆ ತಾಕದಂತೆ ಸ್ನಾಯು ಸೀಳಬೇಕು, ಬಿಡಬೇಕು.

ಹಾಗಾದರೆ ಈಗಿನ ಅಪಾಯ ಚಾಕುವಿನದಲ್ಲ, ತಡ ಮಾಡುವುದರದು. ಕಕ್ಕಿ ಕಕ್ಕಿ ಮೈಯ ನೀರು, ಲವಣ ಬತ್ತಿದ ಕೂಸನ್ನು ತಂದ ಕೂಡಲೇ ಕೊಯ್ಯುವಂತಿಲ್ಲ. ಮೊದಲು ಡ್ರಿಪ್ ಹಾಕಿ ರಕ್ತದ ಲವಣ ಸರಿಪಡಿಸಬೇಕು, ಅದಕ್ಕೇ ಒಂದೆರಡು ದಿನ ಹಿಡಿಯಬಹುದು. ನೋವಿಲ್ಲದ ಸ್ಕ್ಯಾನಿನಲ್ಲಿ ಸ್ನಾಯುವಿನ ದಪ್ಪ ಗೊತ್ತಾಗುತ್ತದೆ. ವಾಂತಿ ನಿಲ್ಲುವ ಹನಿ ಬರೆದುಕೊಟ್ಟು ‘ವಾರ ಬಿಟ್ಟು ಬನ್ನಿ’ ಅಂದು ಕಳಿಸುವ ಡಾಕ್ಟರೂ ಅಜ್ಜಿಯಷ್ಟೇ ತಪ್ಪಿತಸ್ಥರು. ಅಜ್ಜಿ ಓದಿದವಳಲ್ಲ, ಇವರು ಓದಿದವರು.

ಒಂದೊಂದು ಗುಟುಕು ಕಟವಾಯಿಯಿಂದ ಸುರಿಸಿಕೊಂಡು ಮೈಕೈ ತುಂಬಿಕೊಳ್ಳುವ ಕೂಸಿನ ವಿಷಯಕ್ಕೆ ಹೆದರಬೇಕಿಲ್ಲ. ಚಿಮ್ಮಿಸಿ ಕಕ್ಕುತ್ತ ತೂಕ ಇಳಿಯುತ್ತಿದ್ದರೆ, ಒದ್ದೆ ಬಟ್ಟೆ ಬದಲಿಸುವುದು ಕಡಿಮೆಯಾದರೆ ಅದೇ ದಿನ ಹೊರಡಬೇಕು. ವಾಂತಿ ಹಸಿರಾಗಿ ಬಂದರೆ ಅದು ಇನ್ನೂ ಕೆಳಗಿನ ತಡೆ, ಕರುಳು ತಿರುಚಿಕೊಂಡಿರಬಹುದು. ಅದಕ್ಕೆ ಬೆಳಗಿನ ಬಸ್ಸು ಕಾಯುವಂತಿಲ್ಲ.