ಬಣ್ಣದ ಹಾವೂ ಮರೆಯ ಬೀಜವೂ

ಹಾವಿನ ಹೆಸರೆತ್ತಿದೊಡನೆ ಬೆಚ್ಚುವವರೇ ನಮ್ಮಲ್ಲಿ ಹೆಚ್ಚು. ಆದರೆ ಅಮೆರಿಕಾದಲ್ಲಿಯೂ ಯೂರೋಪಿನಲ್ಲಿಯೂ ಹಾವನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕಿ, ಮರಿ ಮಾಡಿಸಿ, ಮಾರುವ ಗೃಹಸ್ಥರು ಅನೇಕರಿರುವರು. ಅವರಿಗೆ ಬಹು ಪ್ರಿಯವಾದ ಜಾತಿಗಳಲ್ಲೊಂದು ಬೋವಾ. ಇದು ಮಧ್ಯ ಮತ್ತು ದಕ್ಷಿಣ ಅಮೆರಿಕಾದ ಹಾವು, ವಿಷವಿಲ್ಲದ್ದು, ಬೇಟೆಯನ್ನು ಸುತ್ತಿ ಬಿಗಿದು ಕೊಲ್ಲುವಂಥದು. ನೋಟಕ್ಕೆ ನಮ್ಮ ಹೆಬ್ಬಾವನ್ನು ಹೋಲಿದರೂ ಹೆಬ್ಬಾವು ಮೊಟ್ಟೆಯಿಡುವುದು, ಬೋವಾ ಮರಿಗಳನ್ನೇ ಹಾಕುವುದು. ನಮ್ಮ ಹೊಲಗಳಲ್ಲಿ ಕಾಣುವ ಮಣ್ಣುಮುಕ್ಕ ಹಾವು ಈ ಬೋವಾ ಕುಲಕ್ಕೇ ಸೇರಿದ ದೂರದ ಬಂಧು.

ಬೋವಾದ ಸಹಜವರ್ಣ ಕಂದು. ಬೆನ್ನಿನ ಮೇಲೆ ಕಪ್ಪಾದ ಪಟ್ಟೆಗಳು. ಬಾಲದ ಕಡೆಗೆ ಕೆಂಪು ಛಾಯೆ. ಸಾಕಿದ ಹಾವುಗಳ ಪ್ರಸವದಲ್ಲಿ ಎಂದಾದರೊಮ್ಮೆ ಹಳದಿಯೋ ಕಿತ್ತಳೆಯೋ ಬೂದಿಯೋ ಆದ ವಿಲಕ್ಷಣ ಮರಿಯೊಂದು ಹುಟ್ಟುವುದುಂಟು. ಕೂಡಲೆ ಅದಕ್ಕೆ ಹೊಸ ಹೆಸರು, ಹತ್ತು ಪಟ್ಟು ಬೆಲೆ. ಆ ಬಣ್ಣವು ಸಂತಾನಕ್ಕೆ ಇಳಿಯುವುದೇ, ಆ ಒಂದು ಹಾವಿನೊಡನೆಯೇ ಮುಗಿಯುವುದೇ? ಕೊಳ್ಳುವವನ ಹಣ, ಮಾರುವವನ ಮಾತು, ಮೂಕಪ್ರಾಣಿಯ ಜೀವ, ಈ ಮೂರೂ ಆ ಪ್ರಶ್ನೆಯನ್ನು ಅವಲಂಬಿಸಿರುವುದರಿಂದ ಈ ತಿಂಗಳು ಅದನ್ನೇ ವಿಚಾರಿಸುವೆವು.

ಹೊಗೆಯಿಂದ ಬೆಂಕಿಯನ್ನು ಊಹಿಸಬೇಕಾದರೆ, ಹೊಗೆಯಿರುವಲ್ಲೆಲ್ಲ ಬೆಂಕಿಯುಂಟೆಂಬ ವ್ಯಾಪ್ತಿಯು ಮೊದಲು ಸಿದ್ಧವಾಗಿರಬೇಕೆಂದು ನಮ್ಮ ತಾರ್ಕಿಕರು ವಿಧಿಸಿರುವರು. ಬಣ್ಣ ಬೇರೆಯಾದಲ್ಲೆಲ್ಲ ಅದು ವಂಶದಲ್ಲಿ ಹರಿಯುವುದೆಂಬ ವ್ಯಾಪ್ತಿಯಿಲ್ಲ. ತಾಯಿಯ ಗರ್ಭಕಾಲದಲ್ಲಿ ತಾಪವು ಏರುಪೇರಾದರೂ ಮರಿಗಳ ಚಿತ್ತಾರ ಕೆಡುವುದುಂಟೆಂದು ಸಾಕಣೆಗಾರರೇ ಹೇಳುವರು. ಬಿಳಿಹಳದಿ ಮೈಯ ಮೇಲೆ ಅಲ್ಲಲ್ಲಿ ಕಪ್ಪು ಚೆಲ್ಲಿದಂತಿರುವ ಮರಿಗಳೂ ಹುಟ್ಟುವುವು. ಆ ಕಲೆಗಳು ನಿಯಮಬದ್ಧವಾಗಿ ಸಂತಾನಕ್ಕೆ ಇಳಿದು ಬರುವಂತೆ ಕಾಣುವುದಿಲ್ಲ. ಆದುದರಿಂದ ಒಂದೇ ಹಾವನ್ನು ಕಂಡು ವಂಶದ ಮಾತನ್ನಾಡಲಾಗದು.

ಹಾಗಾದರೆ ನಿರ್ಣಯಿಸುವ ಬಗೆ ಹೇಗೆ? 1866ರಲ್ಲಿ ಬ್ರನ್ ಪಟ್ಟಣದ ಮಠವಾಸಿ ಮೆಂಡೆಲನು ಬಟಾಣಿ ಗಿಡಗಳಿಂದ ತೋರಿಸಿದ ನಿಯಮವೇ ಇಲ್ಲಿಯೂ ದಾರಿ. ಪ್ರತಿಯೊಂದು ಗುಣಕ್ಕೂ ತಾಯಿಯದೊಂದು, ತಂದೆಯದೊಂದು, ಹೀಗೆ ಎರಡು ಬೀಜಗಳಿರುವುವೆಂದು ತಿಳಿಯೋಣ. ಮೈಯ ಕಪ್ಪು ವರ್ಣವನ್ನು ತಯಾರಿಸುವ ಬೀಜವು ಒಂದಿದ್ದರೂ ಸಾಕು, ಹಾವು ಸಹಜವರ್ಣದ್ದಾಗುವುದು. ಎರಡೂ ಕೆಟ್ಟಿದ್ದರೆ ಮಾತ್ರ ಆಲ್ಬಿನೊ ಎಂಬ ವರ್ಣಹೀನ ಮರಿ ಹುಟ್ಟುವುದು. ಕೆಟ್ಟ ಬೀಜವೊಂದನ್ನು ಮರೆಯಲ್ಲಿ ಹೊತ್ತಿರುವ ಹಾವನ್ನು ನೋಟದಿಂದ ಗುರುತಿಸಲಾಗದು. ಅಂಥ ಎರಡು ಹಾವುಗಳನ್ನು ಕೂಡಿಸಿದರೆ ಸರಾಸರಿ 4 ಮರಿಗಳಲ್ಲಿ 1 ಆಲ್ಬಿನೊ, 2 ಮರೆಯ ಬೀಜವುಳ್ಳವು, 1 ಶುದ್ಧ. ಸಹಜವಾಗಿ ಕಾಣುವ ಮೂರರಲ್ಲಿ ಎರಡಕ್ಕೆ ಮರೆಯ ಬೀಜವಿದ್ದರೂ ಯಾವ ಎರಡೆಂದು ಹೇಳುವಂತಿಲ್ಲ. ಆದಕಾರಣ ವ್ಯಾಪಾರಿಗಳು ಮೂರನ್ನೂ ‘ನೂರಕ್ಕೆ 66’ ಎಂಬ ಚೀಟಿ ಅಂಟಿಸಿ ಮಾರುವರು. ಆ ಅಂಕಿಯು ನಮ್ಮ ಅಜ್ಞಾನದ ಅಳತೆಯೇ ಹೊರತು ಹಾವಿನ ಗುಣದ ಅಳತೆಯಲ್ಲ. ಹಾವಿನಲ್ಲಿ ಆ ಬೀಜವು ಇದೆ, ಇಲ್ಲವೆ ಇಲ್ಲ. ಮೂರರಲ್ಲಿ ಎರಡು ಪಾಲು ಇರುವುದೆಂಬುದಿಲ್ಲ.

ಪರೀಕ್ಷೆಯ ಕ್ರಮವು ಸುಲಭ, ಕಾಲವು ದೀರ್ಘ. ಸಂದೇಹದ ಹಾವನ್ನು ಆಲ್ಬಿನೊ ಹಾವಿನೊಡನೆ ಕೂಡಿಸಬೇಕು. ಒಂದೇ ಒಂದು ಆಲ್ಬಿನೊ ಮರಿ ಹುಟ್ಟಿದರೂ ಮರೆಯ ಬೀಜವು ಸಿದ್ಧವಾಯಿತು. ಹುಟ್ಟದಿದ್ದರೆ? ಬೀಜವಿದ್ದೂ 10 ಮರಿಗಳೆಲ್ಲವೂ ಸಹಜವಾಗಿಯೇ ಹುಟ್ಟುವ ಸಂಭವ 1024ರಲ್ಲಿ ಒಂದು. ‘ಉಂಟು’ ಎನ್ನಲು ಒಂದು ಮರಿ ಸಾಕು. ‘ಇಲ್ಲ’ ಎನ್ನಲು ಬಹಳ ಮರಿಗಳು ಬೇಕು. ಹೆಣ್ಣು ಬೋವಾ ಪ್ರಸವಯೋಗ್ಯವಾಗಲು ಸಾಮಾನ್ಯವಾಗಿ 3–4 ವರ್ಷಗಳು ಹಿಡಿಯುವುವು. ಗರ್ಭವೇ ಸುಮಾರು 4 ತಿಂಗಳು. ಎರಡು ತಲೆಮಾರುಗಳ ಸಾಕ್ಷ್ಯ ದೊರೆಯುವ ವೇಳೆಗೆ ಏಳೆಂಟು ವರ್ಷಗಳೇ ಸಂದಿರುವುವು. ಸಂತೆಯು ಅಷ್ಟು ಕಾಲ ಕಾಯುವುದುಂಟೆ?

ಕಾದರೂ ತೊಡಕು ತೀರದು. ಅಮೆರಿಕಾದ ಇಬ್ಬರು ಸಾಕಣೆಗಾರರ ಹೆಸರುಗಳಿಂದ ಪ್ರಸಿದ್ಧವಾದ ಎರಡು ಆಲ್ಬಿನೊ ಬೋವಾ ವಂಶಗಳಿವೆ. ಅವನ್ನು ಒಂದಕ್ಕೊಂದು ಕೂಡಿಸಿದರೆ ಹುಟ್ಟುವ ಮರಿಗಳೆಲ್ಲ ಸಹಜವರ್ಣದವೇ. ಆಶ್ಚರ್ಯವೇನೂ ಇಲ್ಲ. ಕಪ್ಪು ವರ್ಣವು ಹಲವು ಹಂತಗಳಲ್ಲಿ ತಯಾರಾಗುವುದು. ಒಂದು ವಂಶದಲ್ಲಿ ಕೆಟ್ಟಿರುವ ಬೀಜ ಬೇರೆ, ಇನ್ನೊಂದರಲ್ಲಿ ಕೆಟ್ಟಿರುವುದು ಬೇರೆ. ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುವುದು. ಆ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ, ಎರಡು ಗುಣಗಳೂ ಬೇರೆ ಬೇರೆಯಾಗಿ ಹಂಚಿಹೋಗುವ ಪಕ್ಷದಲ್ಲಿ, 16ರಲ್ಲಿ 9 ಸಹಜ, 7 ಆಲ್ಬಿನೊ. ಈ ಏಳರಲ್ಲಿ ಯಾವುದು ಯಾವ ವಂಶದ ಆಲ್ಬಿನೊ ಎಂದು ನೋಟದಿಂದ ಬೇರ್ಪಡಿಸುವುದು ಬಹು ಕಷ್ಟ.

ಈ ಲೆಕ್ಕವು ಮನುಷ್ಯರಿಗೂ ಸಲ್ಲುವುದು. ವರ್ಣಹೀನರಾದ ದಂಪತಿಗಳಿಬ್ಬರಿಗೆ ಸಹಜವರ್ಣದ ಮಕ್ಕಳು ಹುಟ್ಟಿದ ವರದಿಯು 1952ರಲ್ಲಿ ಒಂದು ನೇತ್ರವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಣ್ಣ ಹೊಂದದ ಮಗು ಹುಟ್ಟಿದರೆ ತಾಯಿಯ ಕಡೆಗೆ ಬೆರಳು ಮಾಡುವ ಮನೆಗಳು ಇನ್ನೂ ಇವೆ. ಮರೆಯ ಬೀಜವು ತಂದೆ ತಾಯಿಗಳಿಬ್ಬರಲ್ಲಿಯೂ ಅಡಗಿರಬಹುದೆಂಬುದನ್ನು ಅಂಥವರು ಮೊದಲು ತಿಳಿಯತಕ್ಕದ್ದು.

ಇನ್ನು ಪ್ರಾಣಿಯ ಪಾಡು. ‘ಮಾಟ್ಲಿ’ ಎಂದು ಕರೆಯುವ ಬೋವಾದಲ್ಲಿ ಒಂದೇ ಬೀಜದಿಂದ ಬೆನ್ನಿನ ಚಿತ್ತಾರವು ಸೊಗಸಾಗಿ ಮಾರ್ಪಡುವುದು, ಹಾವು ಸುಖವಾಗಿರುವುದು. ಎರಡು ಮಾಟ್ಲಿಗಳನ್ನು ಕೂಡಿಸಿದರೆ ನಾಲ್ಕರಲ್ಲೊಂದು ಮರಿಗೆ ಎರಡೂ ಬೀಜಗಳು ಸೇರುವುವು. ಮೈಯೆಲ್ಲ ಕಪ್ಪಾದ ಅಂತಹ ಮರಿಗಳು ಬಹುಮಟ್ಟಿಗೆ ಪ್ರೌಢವಾಗುವ ಮೊದಲೇ ಸಾಯುವುವೆಂಬುದು ಸಾಕಣೆಗಾರರ ಕಹಿ ಅನುಭವ. ಅಂಗಡಿಯಲ್ಲಿ ಬಣ್ಣವು ಕಾಣುವುದು, ಹೆಣವು ಕಾಣುವುದಿಲ್ಲ.

ಪಂಡಿತರಿಗೂ ಈ ಹಾವು ಪಾಠ ಕಲಿಸಿದೆ. ಅಮೆರಿಕಾದ ಒಂದು ಹೆಣ್ಣು ಬೋವಾ ಎರಡು ಪ್ರಸವಗಳಲ್ಲಿ 22 ಮರಿಗಳನ್ನು ಹಾಕಿತು. ಎಲ್ಲವೂ ಹೆಣ್ಣು, ಎಲ್ಲವೂ ತಾಯಿಯ ಹಾಗೆಯೇ ಬೆಲ್ಲದ ಪಾಕದ ಬಣ್ಣದವು. ಅದು ಎರಡು ಬೀಜಗಳು ಸೇರಿದರೆ ಮಾತ್ರ ತೋರುವ ಅಪರೂಪದ ಬಣ್ಣ. ಉತ್ತರ ಕ್ಯಾರೊಲೈನಾ ರಾಜ್ಯ ವಿಶ್ವವಿದ್ಯಾನಿಲಯದ ವಿದ್ವಾಂಸರು ಪರೀಕ್ಷಿಸಿ, ಈ ಮರಿಗಳಿಗೆ ತಂದೆಯೇ ಇಲ್ಲ, ತಾಯಿಯೊಬ್ಬಳಿಂದಲೇ ಹುಟ್ಟಿದುವೆಂದು 2010ರಲ್ಲಿ ಪ್ರಕಟಿಸಿದರು. ಬೋವಾಗಳಲ್ಲಿ ಲಿಂಗನಿರ್ಣಯವು ಹಕ್ಕಿಗಳ ರೀತಿಯದೆಂದು ಆಗ ಎಲ್ಲರೂ ನಂಬಿದ್ದರು. ಅದರಂತೆ ಈ ಹೆಣ್ಣುಮರಿಗಳಿಗೆ ಬಹು ವಿಚಿತ್ರವಾದ ಕಾರಣವೊಂದನ್ನು ಕಲ್ಪಿಸಬೇಕಾಯಿತು. 2017ರಲ್ಲಿ ಬೇರೆ ಸಂಶೋಧಕರು ಬೋವಾದ ಲಿಂಗನಿರ್ಣಯವು ಮನುಷ್ಯರಲ್ಲಿದ್ದಂತೆಯೇ ತಂದೆಯ ಬೀಜದಿಂದ ಆಗುವುದೆಂದು ತೋರಿಸಿದರು. ತಂದೆಯಿಲ್ಲದ ಮರಿಗಳು ಹೆಣ್ಣಾಗುವುದು ಆಗ ಸಹಜವೇ ಆಯಿತು. ಕಂಡ ಸಂಗತಿಯು ಉಳಿಯಿತು. ಹೇಳಿದ ಕಾರಣವು ಬಿದ್ದುಹೋಯಿತು.

ಬಹುಕಾಲದ ನಂಬಿಕೆಯೇ ಹೀಗೆ ತಿದ್ದುಪಡಿಯಾಗುವಲ್ಲಿ, ಒಂದು ಮರಿಯನ್ನು ಕಂಡು ಹೊಸ ವಂಶವನ್ನು ಸಾರುವವನ ಮಾತಿಗೆ ಎಷ್ಟು ತೂಕ ಕೊಡಬೇಕೆಂಬುದನ್ನು ವಾಚಕರೇ ನಿರ್ಣಯಿಸಬಹುದು. ಹಾವೇ ಆಗಲಿ, ನಾಯಿಮರಿಯೇ ಆಗಲಿ, ವಂಶದ ಹೆಸರಿನಲ್ಲಿ ಹೆಚ್ಚು ಬೆಲೆ ಕೇಳುವವನನ್ನು ತಂದೆತಾಯಿಗಳ ದಾಖಲೆ ಯಾವುದು, ಎಷ್ಟು ತಲೆಮಾರು ಪರೀಕ್ಷಿಸಿರುವಿರಿ, ಸತ್ತ ಮರಿಗಳೆಷ್ಟು ಎಂದು ಕೇಳುವುದು ಗೃಹಸ್ಥನ ಹಕ್ಕು. ‘ಇನ್ನೂ ತಿಳಿಯದು, ಕಾದು ನೋಡುತ್ತಿರುವೆನು’ ಎಂದು ಉತ್ತರಿಸುವ ಮಾರಾಟಗಾರನು ದೊರೆತರೆ ಅವನೊಡನೆ ವ್ಯವಹರಿಸುವುದಕ್ಕೆ ಅಂಜಬೇಕಾದ್ದಿಲ್ಲ.