ಅಯಸ್ಕಾಂತ ಅಂಟಿದರೆ ಸ್ಟೀಲ್ ನಕಲಿಯೇ? ಎಸ್‌ಎಸ್ ಮತ್ತು ಎಂಎಸ್ ನಡುವಿನ ನಿಜವಾದ ವ್ಯತ್ಯಾಸ

‘ಪಾತ್ರೆ ಕೊಳ್ಳುವಾಗ ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ನಕಲಿ, ಅಂಟದಿದ್ದರೆ ಅಸಲಿ ಸ್ಟೀಲ್.’ ಈ ಸಲಹೆ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಕೇಳಲು ಸುಲಭ, ಮಾಡಲೂ ಸುಲಭ. ಆದರೆ ಇದನ್ನೇ ನಂಬಿದರೆ ಒಳ್ಳೆಯ ಪಾತ್ರೆಯನ್ನು ಬಿಟ್ಟು ಕಡಿಮೆ ಗುಣಮಟ್ಟದ್ದನ್ನು ಮನೆಗೆ ತರುವ ಸಾಧ್ಯತೆ ಇದೆ. ಏಕೆ ಎಂದು ನೋಡೋಣ.

ಎರಡೂ ಉಕ್ಕೇ, ಹಾಗಾದರೆ ವ್ಯತ್ಯಾಸವೇನು?

ಮೂಡಲಗಿ ತಾಲ್ಲೂಕಿನ ಮಸಗುಪ್ಪಿಯಂತಹ ಘಟಪ್ರಭಾ ದಂಡೆಯ ಊರಲ್ಲಿ ಎರಡೂ ಬಗೆಯ ಉಕ್ಕು ಕಣ್ಣಿಗೆ ಬೀಳುತ್ತವೆ. ಕಬ್ಬು ಹೇರುವ ಟ್ರಾಲಿ, ಮನೆಯ ಗೇಟು, ಕಿಟಕಿಯ ಸರಳು ಮೈಲ್ಡ್ ಸ್ಟೀಲ್, ಅಂದರೆ ವೆಲ್ಡಿಂಗ್ ಅಂಗಡಿಯವರು ಹೇಳುವ ‘ಎಂಎಸ್’. ಅಡುಗೆಮನೆಯ ಗಂಗಾಳ, ತಂಬಿಗೆ, ಡಬ್ಬಿಗಳು ಸ್ಟೇನ್‌ಲೆಸ್ ಸ್ಟೀಲ್, ಅಂದರೆ ‘ಎಸ್‌ಎಸ್’.

ಮೈಲ್ಡ್ ಸ್ಟೀಲ್‌ನಲ್ಲಿ ಬಹುಪಾಲು ಕಬ್ಬಿಣ, ಜೊತೆಗೆ ಸುಮಾರು ಶೇ 0.25ರವರೆಗೆ ಇಂಗಾಲ ಇರುತ್ತದೆ. ನೀರು, ಗಾಳಿ ತಾಗಿದರೆ ತುಕ್ಕು ಹಿಡಿಯುತ್ತದೆ. ಆ ತುಕ್ಕು ಸಡಿಲವಾಗಿ ಉದುರುವುದರಿಂದ ಒಳಗಿನ ಲೋಹವೂ ಸವೆಯುತ್ತಾ ಹೋಗುತ್ತದೆ.

ಸ್ಟೇನ್‌ಲೆಸ್‌ನಲ್ಲಿ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಇರುತ್ತದೆ. ಇದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕಟ್ಟುತ್ತದೆ. ಗೀರು ಬಿದ್ದರೆ ಆ ಪದರ ತಾನೇ ಮತ್ತೆ ಬೆಳೆಯುತ್ತದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಇಂತಹ ಉಕ್ಕನ್ನು ತಯಾರಿಸಿದರು.

ಅಯಸ್ಕಾಂತದ ಪರೀಕ್ಷೆ ಎಲ್ಲಿ ತಪ್ಪುತ್ತದೆ?

ಸ್ಟೇನ್‌ಲೆಸ್‌ನಲ್ಲಿ ಹಲವು ದರ್ಜೆಗಳಿವೆ. ಅಡುಗೆಮನೆಗೆ ಸಂಬಂಧಿಸಿದ ಮೂರನ್ನು ತಿಳಿದರೆ ಸಾಕು.

304: ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕಲ್. ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆದರೆ ಬಡಿದು, ಬಗ್ಗಿಸಿದ ಅಂಚುಗಳಲ್ಲಿ ಅಲ್ಪಸ್ವಲ್ಪ ಅಂಟಬಹುದು.

430: ಶೇ 16ರಿಂದ 18 ಕ್ರೋಮಿಯಂ, ನಿಕಲ್ ಇಲ್ಲವೆನ್ನುವಷ್ಟು ಕಡಿಮೆ. ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟುತ್ತದೆ. ಆದರೂ ಇದು ಅಸಲಿ ಸ್ಟೇನ್‌ಲೆಸ್. ಇಂಡಕ್ಷನ್ ಒಲೆಯ ಪಾತ್ರೆಗಳ ತಳಕ್ಕೆ ಇಂತಹ ಅಂಟುವ ಉಕ್ಕೇ ಬೇಕು.

200 ಸರಣಿ: ದುಬಾರಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಅಗ್ಗದ ಬಗೆ. ಮಾರುಕಟ್ಟೆಯಲ್ಲಿ ‘ಜೆ4’ ಎನ್ನುವುದು ಇದೇ ಗುಂಪಿನದು. ಇದು ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆದರೆ ಉಪ್ಪು, ಹುಳಿಗೆ 304ರಷ್ಟು ತಡೆಯುವುದಿಲ್ಲ.

ಅಂದರೆ ಅಗ್ಗದ ಜೆ4 ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಅಸಲಿ 430 ಫೇಲಾಗುತ್ತದೆ! ತೂಕ ನೋಡಿಯೂ ಹೇಳಲಾಗದು, ಏಕೆಂದರೆ ಎಲ್ಲ ಉಕ್ಕಿನ ಸಾಂದ್ರತೆಯೂ ಹೆಚ್ಚುಕಡಿಮೆ ಒಂದೇ.

ಹಾಗಾದರೆ ಎಲ್ಲಕ್ಕೂ ಸ್ಟೇನ್‌ಲೆಸ್ ಒಳ್ಳೆಯದೇ?

ಇಲ್ಲ. ‘ಎಸ್‌ಎಸ್ ಅಂದರೆ ಹೆಚ್ಚು ಗಟ್ಟಿ’ ಎಂಬುದೂ ತಪ್ಪು ಕಲ್ಪನೆ. ಕಟ್ಟಡಕ್ಕೆ ಬಳಸುವ ಸಾಮಾನ್ಯ ಎಂಎಸ್ ಸುಮಾರು 250 ಮೆಗಾಪ್ಯಾಸ್ಕಲ್ ಒತ್ತಡದವರೆಗೆ ಶಾಶ್ವತವಾಗಿ ಬಾಗುವುದಿಲ್ಲ. 304ಕ್ಕೆ ಈ ಮಿತಿ ಸುಮಾರು 205. ಎಂಎಸ್ ಅಗ್ಗ, ವೆಲ್ಡಿಂಗ್ ಸುಲಭ, ಹೊಲದಲ್ಲಿ ಮುರಿದರೆ ಊರಿನಲ್ಲೇ ರಿಪೇರಿ ಆಗುತ್ತದೆ. ಹಾಗಾಗಿ ಟ್ರಾಲಿ, ನೇಗಿಲು, ಶೆಡ್ಡಿಗೆ ಅದೇ ಸರಿ. ಬಣ್ಣ ಬಳಿಯುವುದನ್ನು ಮಾತ್ರ ಮರೆಯಬಾರದು.

ರೊಟ್ಟಿ ಹಂಚಿಗೂ ಇದೇ ಮಾತು. ಎಂಎಸ್ ಮತ್ತು ಕಬ್ಬಿಣ, ಸ್ಟೇನ್‌ಲೆಸ್‌ಗಿಂತ ಸುಮಾರು ಮೂರು ಪಟ್ಟು ಚೆನ್ನಾಗಿ ಶಾಖವನ್ನು ಹರಡುತ್ತವೆ. ಜೋಳದ ರೊಟ್ಟಿ ಎಲ್ಲ ಕಡೆ ಸಮನಾಗಿ ಬೇಯಲು ಇದು ಬೇಕು. ತೆಳು ಸ್ಟೇನ್‌ಲೆಸ್ ತವಾದಲ್ಲಿ ಉರಿ ತಾಗಿದ ಕಡೆ ಮಾತ್ರ ಸುಡುತ್ತದೆ.

ಆದರೆ ಹುಣಸೆಹುಳಿ, ಮಜ್ಜಿಗೆ, ಉಪ್ಪಿನಕಾಯಿಗೆ ಕಬ್ಬಿಣದ ಪಾತ್ರೆ ಬೇಡ. ಹುಳಿಗೆ ಕಬ್ಬಿಣ ಕರಗಿ ರುಚಿ, ಬಣ್ಣ ಕೆಡುತ್ತವೆ. ಗಾಣದ ಮನೆಯ ಕಬ್ಬಿಣದ ಕಡಾಯಿಯಲ್ಲಿ ಬೆಲ್ಲ ಕಪ್ಪಾಗಲು ಇದೂ ಒಂದು ಕಾರಣ: ಕಬ್ಬಿನ ಹಾಲಿನ ಕೆಲವು ಅಂಶಗಳು ಕಬ್ಬಿಣದ ಜೊತೆ ಸೇರಿ ಗಾಢ ಬಣ್ಣ ಕೊಡುತ್ತವೆ. ಸತು ಲೇಪಿಸಿದ ಜಿಐ ಬಕೆಟ್‌ನಲ್ಲಂತೂ ಹುಳಿ ಪದಾರ್ಥ ಇಡಲೇಬಾರದು, ಸತು ಆಹಾರಕ್ಕೆ ಸೇರಿ ವಾಂತಿ, ಹೊಟ್ಟೆನೋವು ಬರಬಹುದು.

ಕಬ್ಬಿಣದ ಬಾಣಲೆಯ ಅಡುಗೆಯಿಂದ ದೇಹಕ್ಕೆ ಸ್ವಲ್ಪ ಕಬ್ಬಿಣಾಂಶ ಸಿಗುವುದು ನಿಜ. ಆದರೆ ರಕ್ತಹೀನತೆಗೆ ವೈದ್ಯರು ಕೊಟ್ಟ ಮಾತ್ರೆ ಬಿಟ್ಟು ಬಾಣಲೆಯನ್ನೇ ನಂಬಿ ಕೂರಬೇಡಿ. ಗರ್ಭಿಣಿಯರ ವಿಷಯದಲ್ಲಿ ಇದು ಇನ್ನೂ ಮುಖ್ಯ.

ಸ್ಟೇನ್‌ಲೆಸ್‌ಗೂ ತುಕ್ಕು ಹಿಡಿಯುತ್ತದೆ

ಉಪ್ಪು ಮತ್ತು ಕ್ಲೋರಿನ್ ಅದರ ಶತ್ರುಗಳು. ತಣ್ಣೀರಿಗೆ ಉಪ್ಪು ಹಾಕಿ ಬಿಟ್ಟರೆ ತಳದಲ್ಲಿ ಸಣ್ಣ ಚುಕ್ಕೆಗುಳಿ ಬೀಳಬಹುದು. ನೀರು ಕುದಿದ ಮೇಲೆ ಉಪ್ಪು ಹಾಕಿ ಕಲಕಿ. 2019ರ ಆಗಸ್ಟ್‌ನಲ್ಲಿ ಬಂದಂತಹ ಘಟಪ್ರಭೆಯ ಪ್ರವಾಹ ಇಳಿದ ಮೇಲೆ ಬ್ಲೀಚಿಂಗ್ ಪುಡಿಯ ನೀರಿನಿಂದ ಪಾತ್ರೆ ತೊಳೆಯಬೇಕಾಗುತ್ತದೆ. ಆಗ ಆ ನೀರಿನಲ್ಲಿ ರಾತ್ರಿಯಿಡೀ ನೆನೆಸದೆ, ಶುದ್ಧ ನೀರಿನಿಂದ ತೊಳೆದು ಒಣಗಿಸಿ. ಎಸ್‌ಎಸ್ ಹಾಳೆಗೆ ಎಂಎಸ್ ಬೋಲ್ಟ್ ಹಾಕಿಸಬೇಡಿ. ಒದ್ದೆಯಾದಾಗ ಬೋಲ್ಟ್ ಬೇಗ ತುಕ್ಕು ಹಿಡಿಯುತ್ತದೆ.

ಕೊಳ್ಳುವಾಗ ಏನು ನೋಡಬೇಕು?

ಅಯಸ್ಕಾಂತದ ಬದಲು ಪಾತ್ರೆಯ ಮೇಲೆ ಐಎಸ್‌ಐ ಗುರುತು ಹುಡುಕಿ. ಸ್ಟೇನ್‌ಲೆಸ್ ಅಡುಗೆ ಪಾತ್ರೆಗಳ ಮಾನಕ ಐಎಸ್ 14756. ಈ ಗುರುತನ್ನು ಕಡ್ಡಾಯಗೊಳಿಸುವ ಆದೇಶವನ್ನು ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹೊರಡಿಸಿತು. ಗುರುತಿನ ಜೊತೆಗಿರುವ ಪರವಾನಗಿ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಅದು ನಿಜವೋ ಅಲ್ಲವೋ ತಿಳಿಯುತ್ತದೆ. ಅಂಗಡಿಯವರು ‘304’ ಎಂದು ಹೇಳಿ ಹೆಚ್ಚು ಹಣ ಕೇಳಿದರೆ ಬಿಲ್ಲಿನಲ್ಲೂ ಅದನ್ನು ಬರೆಸಿಕೊಳ್ಳಿ.

ಒಟ್ಟಿನಲ್ಲಿ: ಅಯಸ್ಕಾಂತ ಅಂಟಿದರೆ ನಕಲಿ ಎಂಬ ಮಾತು ತಪ್ಪು. ಅದು ಪಾತ್ರೆಗೆ ಅಂಟುತ್ತದೆಯೋ ಇಲ್ಲವೋ ಎಂಬುದು ಲೋಹದ ಒಳರಚನೆಗೆ ಸಂಬಂಧಿಸಿದ್ದು, ಗುಣಮಟ್ಟಕ್ಕಲ್ಲ. ಮುಂದಿನ ಸಲ ಆ ಮೆಸೇಜ್ ಬಂದಾಗ ಫಾರ್ವರ್ಡ್ ಮಾಡುವ ಮುನ್ನ ನಿಮ್ಮ ಮನೆಯ ಇಂಡಕ್ಷನ್ ಪಾತ್ರೆಯ ತಳಕ್ಕೆ ಒಮ್ಮೆ ಅಯಸ್ಕಾಂತ ಹಿಡಿದು ನೋಡಿ.